ಗವಿಯ ಕಥೆಗೆ ವಯಸ್ಸೆಷ್ಟು?

ಚಿತ್ರದುರ್ಗಕ್ಕೆ ಬಂದವರೆಲ್ಲ ಮೊದಲು ಕೋಟೆಯನ್ನು ಹತ್ತುತ್ತಾರೆ. ಏಳು ಸುತ್ತಿನ ಆ ಕೋಟೆ, ಅದನ್ನು ಬಲಪಡಿಸಿದ ಪಾಳೆಯಗಾರರು, ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಓಬವ್ವ, ಇವೆಲ್ಲ ಶಾಲೆಯ ಪಾಠಗಳಿಂದಲೇ ನಮಗೆ ಪರಿಚಿತವಾದ ಸಂಗತಿಗಳು. ಕೋಟೆಯಿಂದ ಇಳಿದು ಬೆಟ್ಟದ ಪಡುವಣ ಮಗ್ಗುಲಿಗೆ ಹೋದರೆ ಇನ್ನೊಂದು ಲೋಕವೇ ಕಾಣಬರುತ್ತದೆ. ಚಿತ್ರದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ ಎಂಬ ಮೂರು ಬೆಟ್ಟಗಳ ನಡುವೆ ಅಡಗಿರುವ ಕಣಿವೆ, ಅದರಲ್ಲೊಂದು ಕೆರೆ, ಸುತ್ತಲೂ ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಹೆಬ್ಬಂಡೆಗಳು. ಇದೇ ಚಂದ್ರವಳ್ಳಿ. ದುರ್ಗದ ನಾಯಕರು ಪ್ರಬಲರಾದುದು ೧೬ನೆಯ ಶತಮಾನದ ಉತ್ತರಾರ್ಧದಲ್ಲಿ. ಚಂದ್ರವಳ್ಳಿಯಲ್ಲಾದರೋ ಅದಕ್ಕೆ ಸಾವಿರದ ಐನೂರು ವರ್ಷಗಳಷ್ಟು ಹಿಂದೆಯೇ ಜನರು ಮನೆ ಕಟ್ಟಿ, ಪರದೇಶದ ನಾಣ್ಯವನ್ನು ಕೈಯಲ್ಲಿ ಹಿಡಿದು ವ್ಯಾಪಾರ ಮಾಡುತ್ತಿದ್ದರು.

ಈ ಕಣಿವೆಯ ಗವಿಗಳೊಳಗೆ ಹೋಗುವವರಿಗೆ ಒಂದು ಕಥೆ ತಪ್ಪದೆ ಕೇಳಸಿಗುತ್ತದೆ: ಪಾಂಡವರು ವನವಾಸ ಕಾಲದಲ್ಲಿ ಇಲ್ಲಿಗೆ ಬಂದಿದ್ದರು, ಇಲ್ಲಿಯ ಐದು ಲಿಂಗಗಳನ್ನು ಅವರೇ ಪ್ರತಿಷ್ಠಿಸಿದರು ಎಂದು. ಈ ಮಾತನ್ನು ಕೇಳಿ ನಕ್ಕುಬಿಡುವುದು ಸುಲಭ; ನಂಬಿಬಿಡುವುದೂ ಅಷ್ಟೇ ಸುಲಭ. ಆದರೆ ಮೂರನೆಯ ದಾರಿಯೊಂದುಂಟು. ಕಥೆ ನಿಜವೇ ಸುಳ್ಳೇ ಎಂದು ಕೇಳುವುದಕ್ಕೆ ಮೊದಲು, ಅದಕ್ಕೆ ವಯಸ್ಸೆಷ್ಟು ಎಂದು ಕೇಳಬಹುದು. ಬಂಡೆಗೆ ವಯಸ್ಸಿದ್ದಂತೆ, ಮಡಕೆಯ ಚೂರಿಗೆ ವಯಸ್ಸಿದ್ದಂತೆ, ಕಥೆಗೂ ವಯಸ್ಸುಂಟು. ಅದನ್ನು ಹುಡುಕುವುದಕ್ಕೆ ಚಿತ್ರದುರ್ಗ ಜಿಲ್ಲೆಗಿಂತ ಒಳ್ಳೆಯ ಪಾಠಶಾಲೆ ನಮ್ಮ ನಾಡಿನಲ್ಲಿ ಇನ್ನೊಂದಿಲ್ಲವೆಂದೇ ನನ್ನ ಭಾವನೆ.

ಬಂಡೆಗಳು ಗವಿಯಾದ ಬಗೆ

ಮೊದಲು ಗವಿಯನ್ನೇ ನೋಡೋಣ. ಬಾದಾಮಿಯ ಗುಹೆಗಳನ್ನು ಕಂಡವರು ಚಂದ್ರವಳ್ಳಿಯಲ್ಲಿಯೂ ಅಂತಹ ಕಂಬಗಳ ಸಾಲನ್ನು, ಗೋಡೆಯ ಮೇಲೆ ಕೊರೆದ ತೀರ್ಥಂಕರರ ಮೂರ್ತಿಗಳನ್ನು ನಿರೀಕ್ಷಿಸಿದರೆ ನಿರಾಶರಾಗಬೇಕಾಗುತ್ತದೆ. ಬಾದಾಮಿಯ ನಾಲ್ಕು ಗುಹೆಗಳು ಮರಳುಗಲ್ಲಿನ ಬೆಟ್ಟದಲ್ಲಿ ಮನುಷ್ಯರು ಉಳಿಯಿಂದ ಕಡೆದವು. ಅವುಗಳಲ್ಲಿ ಮೂರನೆಯದರಲ್ಲಿ ಶಕ ೫೦೦, ಎಂದರೆ ಕ್ರಿ.ಶ. ೫೭೮ರ ಶಾಸನವಿದೆ, ನಾಲ್ಕನೆಯದು ಜೈನರದು, ಕಾಲದಲ್ಲಿ ಅದರಿಂದ ಈಚಿನದು. ಚಂದ್ರವಳ್ಳಿಯ ಗವಿಗಳನ್ನು ಕಡೆದ ಶಿಲ್ಪಿ ಯಾರೂ ಇಲ್ಲ. ಬಿಸಿಲು, ಮಳೆ, ಕಾಲ ಇವೇ ಅಲ್ಲಿಯ ಶಿಲ್ಪಿಗಳು.

ಚಿತ್ರದುರ್ಗದ ಬೆಟ್ಟಗಳು ಕಣಶಿಲೆಯವು, ಎಂದರೆ ಗ್ರಾನೈಟ್ ಕಲ್ಲಿನವು. ಸುಮಾರು ೨೬೦ ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಕರಗಿದ್ದ ಶಿಲಾರಸವು ಮೆಲ್ಲಮೆಲ್ಲನೆ ತಣಿದು ಈ ಕಲ್ಲಾಯಿತು. ಅದರ ಮೇಲೆ ಕವಿದಿದ್ದ ಕಲ್ಲಿನ ಹೊದಿಕೆಯು ಯುಗಯುಗಾಂತರಗಳಲ್ಲಿ ಸವೆದುಹೋದಾಗ, ಒತ್ತಡ ಕಡಮೆಯಾಗಿ ಒಳಗಿನ ಬಂಡೆ ಬಿರುಕುಬಿಟ್ಟಿತು. ಬಿರುಕುಗಳಲ್ಲಿ ನೀರು ಇಳಿಯಿತು. ನೀರು ಮೊದಲು ತಿನ್ನುವುದು ಮೂಲೆಗಳನ್ನು. ಏಕೆಂದರೆ ಮೂಲೆಗೆ ಅದು ಮೂರು ಕಡೆಯಿಂದ ತಾಗುತ್ತದೆ. ಹೀಗೆ ಚೌಕವಾಗಿದ್ದ ಕಲ್ಲು ಕಾಲಕ್ರಮದಲ್ಲಿ ಗುಂಡಾಗುತ್ತದೆ. ನಡುವಿನ ಪುಡಿಮಣ್ಣು ಮಳೆಯಲ್ಲಿ ಕೊಚ್ಚಿಹೋದರೆ ಗುಂಡುಗಳು ಒಂದಕ್ಕೊಂದು ಒರಗಿ ನಿಲ್ಲುತ್ತವೆ. ಅವುಗಳ ನಡುವೆ ಉಳಿದ ಟೊಳ್ಳೇ ಗವಿ. ಕಲ್ಲು ಗಟ್ಟಿಯಾದುದರಿಂದಲೇ ಇಲ್ಲಿ ಗುಹಾಲಯಗಳನ್ನು ಕೊರೆಯಲಿಲ್ಲ ಎಂದು ಕೆಲವರು ಹೇಳುವುದುಂಟು. ಆ ಮಾತನ್ನು ಪೂರ್ತಿ ಒಪ್ಪಲಾಗದು. ಬಿಹಾರದ ಬರಾಬರ ಬೆಟ್ಟದಲ್ಲಿ ಅಶೋಕನ ಕಾಲದವರೂ, ಮಹಾಬಲಿಪುರದಲ್ಲಿ ಪಲ್ಲವರೂ ಇಷ್ಟೇ ಗಟ್ಟಿಯಾದ ಕಲ್ಲನ್ನು ಕೊರೆದು ಗುಹೆಗಳನ್ನು ಮಾಡಿದ್ದಾರೆ. ಪ್ರಕೃತಿಯೇ ಮನೆ ಕಟ್ಟಿಕೊಟ್ಟಿರುವಾಗ ಉಳಿ ಹಿಡಿಯುವ ಅಗತ್ಯ ಕಾಣಲಿಲ್ಲವೆಂದು ಊಹಿಸುವುದು ಹೆಚ್ಚು ಸರಿಯಾದೀತು.

ಈ ಟೊಳ್ಳುಗಳನ್ನು ಮನುಷ್ಯರು ತಮಗೆ ಬೇಕಾದಂತೆ ತಿದ್ದಿಕೊಂಡದ್ದು ಅಂಕಲಿಮಠದಲ್ಲಿ ಚೆನ್ನಾಗಿ ಕಾಣುತ್ತದೆ. ಬೆಳಗಾವಿ ಕಡೆಯ ಅಂಕಲಗಿಯಿಂದ ಬಂದ ತಪಸ್ವಿಯೊಬ್ಬರಿಂದ ಮಠಕ್ಕೆ ಆ ಹೆಸರು ಬಂದಿತೆಂದು ಹೇಳಿಕೆ. ನೆಲದಡಿಯಲ್ಲಿ ಒಂದರೊಳಗೊಂದು ಇಳಿಯುವ ಕೋಣೆಗಳು, ಪೂಜೆಯ ಲಿಂಗಗಳು, ಧ್ಯಾನಕ್ಕೆ ಕುಳಿತುಕೊಳ್ಳುವ ಪೀಠಗಳು, ನೀರಿನ ತೊಟ್ಟಿಗಳು. ಗೋಡೆಗಳಿಗೆ ಗಾರೆಯ ಗಿಲಾವು. ದೀಪವಿಲ್ಲದೆ, ದಾರಿ ಬಲ್ಲವರಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಆದರೆ ಈ ಕಟ್ಟಡದ ಕೆಲಸವೆಲ್ಲ ಬಹು ಈಚಿನದು. ಗವಿಯ ಬಂಡೆಗೆ ಕೋಟಿಗಟ್ಟಲೆ ವರ್ಷ, ಅದರೊಳಗಿನ ಗಾರೆಗೆ ಕೆಲವು ನೂರು ವರ್ಷ. ನೋಡುವವನಿಗೆ ಮಾತ್ರ ಎರಡೂ ಒಂದೇ ಕತ್ತಲೆಯಲ್ಲಿ ಒಂದೇ ಆಗಿ ತೋರುತ್ತವೆ. ಕಥೆಗಳು ಹುಟ್ಟುವುದು ಇಂತಹ ಕತ್ತಲೆಯಲ್ಲಿಯೇ.

ಐದು ಲಿಂಗಗಳ ಪಂಚಲಿಂಗ ಗವಿ ಇದರ ಸಮೀಪದಲ್ಲಿಯೇ ಇದೆ. ಅದರ ಬಾಗಿಲ ಬಳಿ ೧೨೮೬ರ ಹೊಯ್ಸಳ ಶಾಸನವೊಂದುಂಟು. ಮೂರನೆಯ ನರಸಿಂಹನ ಆಳ್ವಿಕೆಯ ಕಾಲ ಅದು. ಆ ವೇಳೆಗೆ ಈ ಗವಿಯು ಶಾಸನ ಹಾಕಿಸುವಷ್ಟು ಹೆಸರಾದ ಸ್ಥಳವಾಗಿತ್ತೆಂಬುದಕ್ಕೆ ಇದು ಸಾಕ್ಷಿ. ಬೆಟ್ಟದ ಮೇಲೆ ಹಿಡಿಂಬೇಶ್ವರನ ಗುಡಿಯಿದೆ. ಭೀಮನು ಹಿಡಿಂಬಾಸುರನನ್ನು ಕೊಂದದ್ದು ಇಲ್ಲಿಯೇ ಎಂದು ಹೇಳಿ, ದೊಡ್ಡದೊಂದು ಎಲುಬಿನ ತುಂಡನ್ನು ಆ ರಾಕ್ಷಸನ ಹಲ್ಲೆಂದು ಗುಡಿಯಲ್ಲಿ ತೋರಿಸುವ ವಾಡಿಕೆ. ಆದರೆ ಮಹಾಭಾರತದಲ್ಲಿ ಅರಗಿನ ಮನೆಯಿಂದ ತಪ್ಪಿಸಿಕೊಂಡ ಪಾಂಡವರು ಗಂಗೆಯನ್ನು ದಾಟಿ ಹೊಕ್ಕ ಕಾಡಿನಲ್ಲಿ ಈ ಪ್ರಸಂಗ ನಡೆಯುತ್ತದೆ. ಹಿಮಾಚಲ ಪ್ರದೇಶದ ಮನಾಲಿಯವರು ಅದೇ ಹಿಡಿಂಬೆಗೆ ೧೫೫೩ರಲ್ಲಿ ಕಟ್ಟಿದ ಗುಡಿಯನ್ನು ತೋರಿಸುತ್ತಾರೆ. ಮಹಾಕಾವ್ಯ ನಾಡಿನಾದ್ಯಂತ ಹರಡಿದಂತೆ ಪ್ರತಿಯೊಂದು ಊರೂ ತನ್ನ ದೊಡ್ಡ ಬಂಡೆಗೆ ಅದರಿಂದೊಂದು ಹೆಸರನ್ನು ಎರವಲು ಪಡೆಯಿತು. ಇದರಲ್ಲಿ ಮೋಸವೇನೂ ಇಲ್ಲ. ಕಾವ್ಯವನ್ನು ತಮ್ಮದಾಗಿ ಮಾಡಿಕೊಳ್ಳುವ ಬಗೆ ಅದು.

ಭದ್ರಬಾಹುವಿನ ಗವಿ

ಎಲ್ಲ ಕಥೆಗಳನ್ನೂ ಇಷ್ಟು ಸುಲಭವಾಗಿ ಬಿಡಿಸಲಾಗುವುದಿಲ್ಲ. ಜೈನರ ಐತಿಹ್ಯವೊಂದನ್ನು ತೆಗೆದುಕೊಳ್ಳೋಣ. ಚಿತ್ರದುರ್ಗದ ಸೀಮೆಯಲ್ಲಿ ಜೈನಧರ್ಮವು ಒಂದು ಕಾಲಕ್ಕೆ ಬೇರೂರಿತ್ತೆಂಬುದಕ್ಕೆ ಹೊಸದುರ್ಗದ ಕಡೆಯ ಹೆಗ್ಗೆರೆಯಲ್ಲಿ ಹೊಯ್ಸಳ ಕಾಲದ ಪಾರ್ಶ್ವನಾಥ ಬಸದಿ ಸಾಕ್ಷಿಯಾಗಿ ನಿಂತಿದೆ. ಆದರೆ ನಾನು ಹೇಳಹೊರಟ ಐತಿಹ್ಯದ ಗವಿ ಇರುವುದು ತೆಂಕಣದ ಶ್ರವಣಬೆಳಗೊಳದಲ್ಲಿ. ಅದರ ಪರೀಕ್ಷೆಗೆ ಬೇಕಾದ ಒಂದು ಮುಖ್ಯ ಸಾಕ್ಷಿ ಮಾತ್ರ ಚಿತ್ರದುರ್ಗ ಜಿಲ್ಲೆಯಲ್ಲಿಯೇ ದೊರೆತಿದೆ.

ಕಥೆ ಹೀಗಿದೆ. ಶ್ರುತಕೇವಲಿ ಭದ್ರಬಾಹು ಮುನಿಗಳು ಉತ್ತರದಲ್ಲಿ ಹನ್ನೆರಡು ವರ್ಷಗಳ ಕ್ಷಾಮ ಬರುವುದನ್ನು ಮುಂಚಿತವಾಗಿ ಕಂಡರು. ಮುನಿಸಂಘವು ದಕ್ಷಿಣಕ್ಕೆ ಹೊರಟಿತು. ಮೌರ್ಯ ಚಕ್ರವರ್ತಿ ಚಂದ್ರಗುಪ್ತನು ಸಿಂಹಾಸನವನ್ನು ತೊರೆದು, ದೀಕ್ಷೆ ಪಡೆದು, ಗುರುವನ್ನು ಹಿಂಬಾಲಿಸಿದನು. ಬೆಳಗೊಳದ ಚಿಕ್ಕಬೆಟ್ಟದ ಗವಿಯಲ್ಲಿ ಗುರುವು ಸಲ್ಲೇಖನದಿಂದ ದೇಹವನ್ನು ಬಿಟ್ಟರು. ಶಿಷ್ಯನು ಅವರ ಹೆಜ್ಜೆಗುರುತನ್ನು ಪೂಜಿಸುತ್ತ ಅಲ್ಲಿಯೇ ಉಳಿದು ಅದೇ ವಿಧದಿಂದ ಮುಡಿಪಿದನು. ಬೆಟ್ಟಕ್ಕೆ ಚಂದ್ರಗಿರಿಯೆಂಬ ಹೆಸರು ಅವನಿಂದಲೇ ಬಂದಿತೆನ್ನುತ್ತಾರೆ. ಭದ್ರಬಾಹು ಗವಿಯಲ್ಲಿ ಪಾದಗಳ ಗುರುತನ್ನು ಇಂದೂ ನೋಡಬಹುದು.

ಇದಕ್ಕೆ ವಯಸ್ಸೆಷ್ಟು? ಚಂದ್ರಗುಪ್ತನ ಆಳ್ವಿಕೆ ಮುಗಿದುದು ಕ್ರಿ.ಪೂ. ೩೦೦ರ ಸುಮಾರಿಗೆ. ಚಂದ್ರಗಿರಿಯ ಬಂಡೆಯ ಮೇಲೆ ಈ ವಲಸೆಯನ್ನು ಹೇಳುವ ಅತಿ ಹಳೆಯ ಶಾಸನ ಕ್ರಿ.ಶ. ೬೦೦ರ ಸುಮಾರಿನದು. ನಡುವೆ ಒಂಬೈನೂರು ವರ್ಷಗಳ ಅಂತರ! ಅದರಲ್ಲಿ ಭದ್ರಬಾಹುವಿನ ಹೆಸರಿದೆ, ಉಜ್ಜಯಿನಿಯಿದೆ, ಹನ್ನೆರಡು ವರ್ಷಗಳ ಕ್ಷಾಮವಿದೆ, ಸಂಘದ ಪ್ರಯಾಣವಿದೆ. ಆದರೆ ಬೆಟ್ಟದ ಮೇಲೆ ದೇಹ ಬಿಟ್ಟವರು ಪ್ರಭಾಚಂದ್ರರೆಂಬ ಆಚಾರ್ಯರೆಂದು ಹೇಳಿದೆ; ಚಂದ್ರಗುಪ್ತನ ಹೆಸರೇ ಇಲ್ಲ. ಪ್ರಭಾಚಂದ್ರನೆಂಬುದು ಚಂದ್ರಗುಪ್ತನ ದೀಕ್ಷಾನಾಮವೆಂದು ಕೆಲವರು ವಾದಿಸಿದರು. ಲೂಯಿಸ್ ರೈಸ್, ನರಸಿಂಹಾಚಾರ್ಯರು ಐತಿಹ್ಯವನ್ನು ಎತ್ತಿಹಿಡಿದರೆ, ಫ್ಲೀಟ್ ಮಹಾಶಯರು ಒಪ್ಪಲಿಲ್ಲ. ಅದೇ ಬೆಟ್ಟದಲ್ಲಿ ಸುಮಾರು ಐವತ್ತು ವರ್ಷಗಳ ಈಚಿನ ಇನ್ನೊಂದು ಶಾಸನದಲ್ಲಿ ಭದ್ರಬಾಹು ಚಂದ್ರಗುಪ್ತರ ಹೆಸರು ಮುನಿಗಳ ಜೋಡಿಯಾಗಿ ಬರುತ್ತದೆ. ೯೩೧ರಲ್ಲಿ ಹರಿಷೇಣನು ಬರೆದ ಬೃಹತ್ಕಥಾಕೋಶದಲ್ಲಿ ಕಥೆ ಬೇರೆ ತೆರನಾಗಿದೆ: ಅಲ್ಲಿ ಭದ್ರಬಾಹು ದಕ್ಷಿಣಕ್ಕೆ ಬರುವುದೇ ಇಲ್ಲ, ಚಂದ್ರಗುಪ್ತನು ವಿಶಾಖಾಚಾರ್ಯನೆಂಬ ಹೆಸರಿನಿಂದ ಸಂಘವನ್ನು ಪುನ್ನಾಟಕ್ಕೆ ಕರೆತರುತ್ತಾನೆ. ಬಳಿಕ ಹನ್ನೆರಡನೆಯ ಶತಮಾನದಲ್ಲಿ ದಾಸೋಜನೆಂಬ ಶಿಲ್ಪಿಯು ಚಂದ್ರಗುಪ್ತ ಬಸದಿಯ ಜಾಲಂಧ್ರದ ಮೇಲೆ ಗುರುಶಿಷ್ಯರ ಚರಿತ್ರೆಯನ್ನು ಚಿಕ್ಕಚಿಕ್ಕ ಚಿತ್ರಗಳಾಗಿ ಕೆತ್ತಿದನು. ನದಿಯೊಂದು ಹರಿಯುತ್ತ ಹರಿಯುತ್ತ ಉಪನದಿಗಳನ್ನು ಕೂಡಿಸಿಕೊಳ್ಳುವಂತೆ ಕಥೆ ಬೆಳೆದುದು ಹೀಗೆ ಸ್ಪಷ್ಟವಾಗಿ ಕಾಣುತ್ತದೆ.

ಹಾಗಾದರೆ ಎಲ್ಲವೂ ಕಲ್ಪನೆಯೇ? ಈ ಪ್ರಶ್ನೆಗೆ ಉತ್ತರ ಹೇಳುವ ಕಲ್ಲು ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ.

ಲಿಪಿಕಾರ ಚಪಡ

೧೮೯೨ರಲ್ಲಿ ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ನೆರೆಹೊರೆಯ ಸ್ಥಳಗಳಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಜಟಿಂಗ ರಾಮೇಶ್ವರದ ಬೆಟ್ಟಕ್ಕೂ ಒಂದು ಪುರಾಣಕಥೆಯುಂಟು: ರಾವಣನೊಡನೆ ಹೋರಾಡಿದ ಜಟಾಯು ಬಿದ್ದದ್ದು ಅಲ್ಲಿಯಂತೆ. ಜನರು ನೂರಾರು ವರ್ಷ ಜಟಾಯುವಿನ ಕಥೆಯನ್ನು ಹೇಳುತ್ತ ಅದೇ ಬೆಟ್ಟವನ್ನು ಹತ್ತಿ ಇಳಿದರು. ಬಂಡೆಯ ಮೇಲಿನ ಅಕ್ಷರ ಮಾತ್ರ ಯಾರಿಗೂ ತಿಳಿಯದು. ಬ್ರಾಹ್ಮೀಲಿಪಿಯನ್ನು ಓದುವ ಗುಟ್ಟನ್ನು ಜೇಮ್ಸ್ ಪ್ರಿನ್ಸೆಪ್ ೧೮೩೭ರಲ್ಲಿ ಬಿಡಿಸುವವರೆಗೆ ಭಾರತದಲ್ಲೆಲ್ಲಿಯೂ ಅದನ್ನು ಓದಬಲ್ಲವರಿರಲಿಲ್ಲ.

ಶಾಸನವು ಸುವರ್ಣಗಿರಿಯಲ್ಲಿದ್ದ ರಾಜಕುಮಾರನಿಂದಲೂ ಮಹಾಮಾತ್ರರಿಂದಲೂ ಇಸಿಲದ ಮಹಾಮಾತ್ರರಿಗೆ ಹೋದ ಆಜ್ಞೆ. ಆರೋಗ್ಯ ವಿಚಾರಿಸಿಯೇ ಮಾತು ಮುಂದುವರಿಯುತ್ತದೆ. ಸರಕಾರಿ ಕಾಗದಗಳಲ್ಲಿ ಇಂದು ಕಾಣದ ಸೌಜನ್ಯ! ಕೊನೆಯಲ್ಲಿ ಬರೆದವನು ತನ್ನ ಹೆಸರು ಚಪಡನೆಂದು ಹೇಳಿ, 'ಲಿಪಿಕಾರನಿಂದ' ಎಂಬರ್ಥದ ಮಾತೊಂದನ್ನು ಮಾತ್ರ ಖರೋಷ್ಠಿಯಲ್ಲಿ, ಎಂದರೆ ವಾಯವ್ಯ ಭಾರತದ ಬಲದಿಂದ ಎಡಕ್ಕೆ ಬರೆಯುವ ಲಿಪಿಯಲ್ಲಿ ಕೊರೆದಿದ್ದಾನೆ. ಗಾಂಧಾರದ ಕಡೆಯ ಲಿಪಿಯನ್ನು ಕಲಿತ ಬರಹಗಾರನೊಬ್ಬನು ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಚಿತ್ರದುರ್ಗದ ಸೀಮೆಯವರೆಗೆ ಬಂದಿದ್ದನೆಂದಾಯಿತು.

ಈಗ ತರ್ಕವನ್ನು ಮುಂದುವರಿಸೋಣ. ಈ ಶಾಸನಗಳು ಚಂದ್ರಗುಪ್ತನ ಕಾಲ ಕಳೆದು ಸುಮಾರು ನಲವತ್ತು ವರ್ಷಕ್ಕೆ ಹುಟ್ಟಿದವು. ಅಶೋಕನು ತಾನು ಮಾಡಿದೆನೆಂದು ಹೇಳಿಕೊಂಡ ಯುದ್ಧ ಕಳಿಂಗದ್ದೊಂದೇ. ಆದುದರಿಂದ ಕನ್ನಡ ನಾಡಿನ ಈ ಭಾಗವು ಅವನ ತಂದೆಯ ಇಲ್ಲವೆ ತಾತನಾದ ಚಂದ್ರಗುಪ್ತನ ಕಾಲದಲ್ಲಿಯೇ ಮೌರ್ಯರ ಕೈಸೇರಿರಬೇಕು. ಎಂದರೆ, ಉತ್ತರದಿಂದ ಇಲ್ಲಿಗೆ ನಡೆದುಬರುವ ದಾರಿ ಆಗಲೇ ತೆರೆದಿತ್ತು. ಇನ್ನೊಂದು ಸಾಕ್ಷಿ ತಮಿಳುನಾಡಿನದು. ಮಧುರೆಯ ಬಳಿಯ ಮಾಂಗುಳದ ಬೆಟ್ಟದ ಗವಿಗಳಲ್ಲಿ ಮುನಿಗಳಿಗಾಗಿ ಕಲ್ಲಿನ ಹಾಸುಗಳನ್ನು ಕಡೆದು, ತಮಿಳು ಬ್ರಾಹ್ಮಿಯಲ್ಲಿ ದಾನದ ಮಾತು ಬರೆದಿದ್ದಾರೆ. ಅವನ್ನು ವಿದ್ವಾಂಸರು ಸಾಮಾನ್ಯವಾಗಿ ಕ್ರಿ.ಪೂ. ಎರಡನೆಯ ಶತಮಾನಕ್ಕೆ ಸೇರಿಸುತ್ತಾರೆ. ಜೈನಮುನಿಗಳು ಆ ವೇಳೆಗಾಗಲೇ ಅಷ್ಟು ದೂರದ ತೆಂಕಣಕ್ಕೆ ತಲುಪಿದ್ದರೆ, ಅದಕ್ಕಿಂತ ಮುಂಚೆ ಕನ್ನಡ ನಾಡನ್ನು ಹಾಯ್ದುಹೋಗಿರುವುದು ಅಸಂಭವವಲ್ಲ.

ಹೀಗೆ ಕಥೆ ಎರಡಾಗಿ ಒಡೆಯುತ್ತದೆ. ಮುನಿಗಳು ಮೌರ್ಯರ ಕಾಲದಲ್ಲಿ ಅಥವಾ ಅದರ ಬೆನ್ನಿಗೆ ತೆಂಕಣಕ್ಕೆ ಬಂದರೆಂಬ ಭಾಗಕ್ಕೆ ಕಲ್ಲಿನ ಬೆಂಬಲವಿದೆ. ಚಕ್ರವರ್ತಿಯೇ ಬಂದನೆಂಬ ಭಾಗಕ್ಕೆ ಒಂಬೈನೂರು ವರ್ಷಗಳ ಈಚಿನ ಮಾತೇ ಆಧಾರ. ಭಕ್ತರು ಎರಡನ್ನೂ ಒಟ್ಟಿಗೆ ನಂಬುವುದು ಸಹಜ. ಚರಿತ್ರೆಯ ವಿದ್ಯಾರ್ಥಿ ಎರಡನ್ನೂ ಬೇರೆ ಬೇರೆ ತೂಗಬೇಕಾಗುತ್ತದೆ.

ಮಣ್ಣಿನ ಸಾಕ್ಷ್ಯ

ಬರಹವಿಲ್ಲದೆಡೆ ಮಣ್ಣು ಮಾತನಾಡುತ್ತದೆ. ಚಂದ್ರವಳ್ಳಿಯ ನೆಲವನ್ನು ಮೈಸೂರು ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಪರೀಕ್ಷಿಸಿದರು, ೧೯೨೯ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಅಗೆಸಿದರು. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ ಒಂದಾದ ಮೇಲೊಂದರಂತೆ ಅಗೆದರು. ವೀಲರ್ ತೋರಿಸಿಕೊಟ್ಟ ಕ್ರಮ ಸರಳವಾದುದು. ಜನರು ವಾಸಿಸುವ ಕಡೆ ಮಣ್ಣು, ಬೂದಿ, ಒಡಕು ಮಡಕೆ ಇವು ಪದರಪದರವಾಗಿ ಏರುತ್ತವೆ; ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಯಾವ ವಸ್ತು ಯಾವ ಪದರದಲ್ಲಿ ಸಿಕ್ಕಿತೆಂಬುದನ್ನು ಬರೆದಿಡದಿದ್ದರೆ ವಸ್ತು ಕೈಗೆ ಬಂದರೂ ಅದರ ಸಾಕ್ಷ್ಯ ಸತ್ತಿತೆಂದೇ ಅರ್ಥ. ನಿಧಿಯ ಆಸೆಗೆ ಗವಿಯ ನೆಲವನ್ನು ಕೆದಕುವವನು ಕದಿಯುವುದು ಇದನ್ನೇ. ಅವನಿಗೆ ಚಿನ್ನ ಸಿಗದಿದ್ದರೂ ನಷ್ಟ ನಮ್ಮದೇ.

ಬ್ರಹ್ಮಗಿರಿಯಲ್ಲಿ ಮೂರು ಸಂಸ್ಕೃತಿಗಳು ಒಂದರ ಮೇಲೊಂದು ಕಂಡವು: ತಳದಲ್ಲಿ ನಯಗೊಳಿಸಿದ ಕಲ್ಲುಗೊಡಲಿಯ ಜನ, ಅವರ ಮೇಲೆ ಕಬ್ಬಿಣವನ್ನು ಬಳಸಿ ಕಲ್ಲುಚಪ್ಪಡಿಗಳ ಗೋರಿಗಳನ್ನು ಕಟ್ಟಿದವರು, ಅವರ ಮೇಲೆ ಶಾತವಾಹನರ ಕಾಲದವರು. ಚಂದ್ರವಳ್ಳಿಯ ಸಂಪತ್ತೆಲ್ಲ ಬಹುಪಾಲು ಈ ಕೊನೆಯ ಕಾಲದ್ದು. ಶಾತವಾಹನರ ಸೀಸದ ನಾಣ್ಯಗಳ ಜೊತೆಗೆ ರೋಮಿನ ಚಕ್ರವರ್ತಿ ಟೈಬೀರಿಯಸನ ಬೆಳ್ಳಿಯ ನಾಣ್ಯವೂ ಅಲ್ಲಿ ದೊರೆಯಿತು. ಅವನು ಆಳಿದುದು ಕ್ರಿ.ಶ. ೧೪ರಿಂದ ೩೭ರವರೆಗೆ. ಅವನ ನಾಣ್ಯವಿರುವ ಪದರವು ೧೪ಕ್ಕಿಂತ ಹಿಂದಿನದಾಗಲಾರದು. ಆದರೆ ನಾಣ್ಯ ಕೈಯಿಂದ ಕೈಗೆ ಬಹುಕಾಲ ಅಲೆದಿರಬಹುದಾದುದರಿಂದ ಪದರವು ಅದಕ್ಕಿಂತ ಎಷ್ಟೋ ಈಚಿನದಾಗಿರಲೂಬಹುದು. ನಾಣ್ಯವು ಒಂದು ಕಡೆಯ ಬಾಗಿಲನ್ನು ಮಾತ್ರ ಮುಚ್ಚುತ್ತದೆ, ಇನ್ನೊಂದನ್ನು ತೆರೆದೇ ಇಡುತ್ತದೆ.

ವೀಲರ್ ಹೇಳಿದುದೆಲ್ಲ ನಿಂತಿತೆಂದಲ್ಲ. ಕಲ್ಲುಗೊಡಲಿಯ ಜನರನ್ನು ಅವರು ಕ್ರಿ.ಪೂ. ಮೊದಲನೆಯ ಸಾವಿರದ ವರ್ಷಗಳಿಗೆ ತಂದಿಟ್ಟಿದ್ದರು. ೧೯೪೯ರಲ್ಲಿ ಅಮೆರಿಕದ ವಿಲ್ಲರ್ಡ್ ಲಿಬ್ಬಿ ರೂಪಿಸಿದ ವಿಕಿರಣ ಇಂಗಾಲದ ಪರೀಕ್ಷೆ ಬಂದ ಮೇಲೆ ದಕ್ಷಿಣದ ಆ ಸಂಸ್ಕೃತಿಯು ಕ್ರಿ.ಪೂ. ೨೫೦೦ಕ್ಕೂ ಹಿಂದೆ ಹೋಯಿತು. ಒಳತಳದಲ್ಲಿ ಸಾಲುಸಾಲು ಚುಕ್ಕೆಗಳ ಅಲಂಕಾರವಿರುವ ಹರಿವಾಣಗಳನ್ನು ರೋಮಿನ ವ್ಯಾಪಾರದೊಡನೆ ಬಂದವೆಂದು ತಿಳಿದಿದ್ದರು. ಜೇಡಿಯ ಪರೀಕ್ಷೆಯಿಂದ ಅವು ಭಾರತದಲ್ಲಿಯೇ ಆದವೆಂದು ಗೊತ್ತಾಗಿದೆ. ಪದರಗಳ ಕ್ರಮ ಮಾತ್ರ ಅಲುಗಲಿಲ್ಲ.

ಮೂರು ಸಾಲು

ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮೇಲೆ ೧೯೨೯ರಲ್ಲಿ ಡಾ. ಕೃಷ್ಣ ಅವರಿಗೆ ಮೂರು ಸಾಲಿನ ಬರಹವೊಂದು ಕಂಡಿತು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅಕ್ಷರದ ಆಕಾರದಿಂದ ಕಾಲವನ್ನು ಊಹಿಸುವ ವಿದ್ಯೆಯೊಂದಿದೆ. ಅಶೋಕನ ಕಾಲದಲ್ಲಿ 'ಕ' ಎಂದರೆ ಗಣಿತದ ಕೂಡುವ ಚಿಹ್ನೆಯಂತೆ ಅಡ್ಡಗೆರೆ ಉದ್ದಗೆರೆ ಅಷ್ಟೇ; 'ಠ' ಎಂದರೆ ಒಂದು ಸುನ್ನೆ. ಕಾಲ ಕಳೆದಂತೆ ಗೆರೆಗಳು ಬಾಗಿದವು, ತಲೆಯ ಮೇಲೆ ಕಟ್ಟು ಬಂದಿತು. ಕದಂಬರ ಕಾಲದ ಅಕ್ಷರಗಳನ್ನು ದಾಟಿ ಅವು ನಾವು ಬರೆಯುವ ಕನ್ನಡವಾದವು. ಇಂದಿನ 'ಠ'ದಲ್ಲಿ ಆ ಹಳೆಯ ಸುನ್ನೆ ಇನ್ನೂ ಉಳಿದಿದೆ, ನೋಡಿಕೊಳ್ಳಬಹುದು. ಚಂದ್ರವಳ್ಳಿಯ ಬರಹ ಈ ಹಾದಿಯ ನಡುವಿನದು, ನಾಲ್ಕನೆಯ ಶತಮಾನದ್ದು.

ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಹೆಸರು ಅದರಲ್ಲಿದೆ. ಅವನು ಕಾಂಚಿಗೆ ಓದಲು ಹೋಗಿ, ಪಲ್ಲವರ ರಾವುತನೊಡನೆ ಜಗಳವಾಡಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕಥೆಯನ್ನು ಹೇಳುವುದು ತಾಳಗುಂದದ ಕಂಬಶಾಸನ. ಕುಬ್ಜಕವಿಯ ಆ ಸಂಸ್ಕೃತ ಕಾವ್ಯ ಮಯೂರಶರ್ಮನಿಗೆ ಸುಮಾರು ನೂರು ವರ್ಷ ಈಚಿನದು. ಚಂದ್ರವಳ್ಳಿಯದು ಅವನ ಸ್ವಂತ ಕಾಲದ್ದು. ಡಾ. ಕೃಷ್ಣ ಅವರು ಅದರಲ್ಲಿ ತ್ರೈಕೂಟ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಸಯಿಂದಕ, ಪುಣಾಟ, ಮೋಕರಿ ಎಂಬ ಎಂಟು ಹೆಸರುಗಳನ್ನು ಓದಿ, ಇವರನ್ನೆಲ್ಲ ಮಯೂರಶರ್ಮನು ಗೆದ್ದನೆಂದು ತಿಳಿದರು. ಈ ಓದು ನಿಂತರೆ ಕನ್ನಡದ ಮೊದಲ ಅರಸನ ಕೈ ಬಹುದೂರ ಉತ್ತರಕ್ಕೂ ಚಾಚಿತ್ತೆಂದಾಗುತ್ತದೆ. ಆದರೆ ಬಂಡೆ ಸವೆದಿದೆ; ಅಕ್ಷರಗಳು ಕಲ್ಲಿನ ಒರಟಿನಲ್ಲಿ ಬೆರೆತುಹೋಗಿವೆ. ಡಿ. ಸಿ. ಸರ್ಕಾರರಂತಹ ಶಾಸನತಜ್ಞರು ಈ ಓದನ್ನು ಸಂದೇಹಿಸಿದರು. ಚಿತ್ರದುರ್ಗದವರೇ ಆದ ಬಿ. ರಾಜಶೇಖರಪ್ಪನವರು ಶಾಸನವನ್ನು ಮತ್ತೆ ಓದಿ ಬೇರೆ ಪಾಠವನ್ನು ಕೊಟ್ಟರು. ಒಂದೆರಡು ಅಕ್ಷರಗಳ ಓದಿನ ಮೇಲೆ ಒಂದು ಸಾಮ್ರಾಜ್ಯದ ಎಲ್ಲೆ ಹಿಗ್ಗುವುದು, ಕುಗ್ಗುವುದು! ನಾಡಿನ ಅಭಿಮಾನಕ್ಕೆ ಮೊದಲ ಓದು ಹಿತವಾಗಿ ತೋರೀತು. ಆದರೆ ಹಿತವಾದುದೆಂಬ ಕಾರಣಕ್ಕೆ ಅಕ್ಷರ ಬದಲಾಗುವುದಿಲ್ಲ.

ವಾದವೆಲ್ಲ ನಡೆದಿರುವುದು ಹೆಸರುಗಳ ಸಾಲಿನ ಬಗ್ಗೆ. ಕದಂಬರ ಮಯೂರಶರ್ಮ ಎಂಬುದೂ, ಅವನು ಮಾಡಿಸಿದ ತಟಾಕ, ಎಂದರೆ ಕೆರೆ, ಎಂಬುದೂ ಚೆನ್ನಾಗಿ ಓದಿಸಿಕೊಳ್ಳುತ್ತವೆ. ಚಂದ್ರವಳ್ಳಿಗೆ ಹೋಗುವವರು ಬೆಳಗ್ಗೆಯೋ ಸಂಜೆಯೋ ಹೋಗುವುದು ಒಳ್ಳೆಯದು. ನಡುಹಗಲಿನ ನೆಟ್ಟನೆಯ ಬಿಸಿಲಿನಲ್ಲಿ ಸವೆದ ಬರಹ ಕಾಣುವುದೇ ಇಲ್ಲ. ಓರೆಯಾಗಿ ಬಿದ್ದ ಬೆಳಕಿನಲ್ಲಿ ಅಕ್ಷರದ ತಗ್ಗಿಗೆ ನೆರಳು ತುಂಬಿ ಒಂದೊಂದೇ ಗೆರೆ ಮೂಡುತ್ತದೆ.